ಯಾನಿಯದು, ಅಳಿಸಬೇಡಿ

ಚಾಕುವಿನ ತುದಿ ಫ್ರಿಜ್ಜಿನ ಮೂಲೆಗೆ ಬಂದಾಗ ಕಾಗದ ಹರಿಯಲಿಲ್ಲ. ಬಾಳೆಹಣ್ಣಿನ ಸಿಪ್ಪೆಯ ಹಾಗೆ ಉದ್ದಕ್ಕೆ ಎದ್ದು ಬಂತು. ಯಾನಿನಾ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೆಳಕ್ಕೆ ಜಗ್ಗಿದಳು. ಗೋಡೆಗೆ ಅಂಟಿಸಿದ್ದ ಫೋಟೊದ ಅಡುಗೆಮನೆಯಿಂದ ಅರ್ಧ ಫ್ರಿಜ್ಜು, ಅದರ ನೆತ್ತಿಯ ಮೇಲಿನ ಪ್ಲಾಸ್ಟಿಕ್ ಹೂಕುಂಡ, ಔಷಧದಂಗಡಿಯ ಕ್ಯಾಲೆಂಡರಿನ ಒಂದು ಚೂರು ಕಿತ್ತು ಬಂದು ಅವಳ ಚಪ್ಪಲಿಯ ಮೇಲೆ ಸುರುಳಿ ಸುತ್ತಿಕೊಂಡವು. ಮೇಜು ಮಾತ್ರ ಹಾಗೇ ಇತ್ತು. ಮೇಜಿನ ಪಕ್ಕದಲ್ಲಿ ಎರಡಾಳೆತ್ತರದ ಅವಳ ಅಮ್ಮ ಕಾಲೆರಡನ್ನೂ ನೀರಿನ ಟಬ್ಬಿನಲ್ಲಿ ಇಳಿಬಿಟ್ಟು, ತಲೆಯನ್ನು ಹಿಂದಕ್ಕೆ ವಾಲಿಸಿ, ಬಾಯಿ ಬಿಟ್ಟುಕೊಂಡು ನಿದ್ದೆ ಮಾಡುತ್ತಿದ್ದಳು.

ಆ ಬಾಯಿಗೆ ಯಾನಿನಾಳ ಕೈ ಎಟುಕುತ್ತಿರಲಿಲ್ಲ. ಎಗರಿ ನೋಡಿದಳು. ಚಾಕು ಅಮ್ಮನ ಕತ್ತಿನ ಹತ್ತಿರ ಒಂದು ಗೀರು ಎಳೆದು ಕೆಳಗೆ ಬಂತು.

ಬೆನ್ನ ಹಿಂದೆ ಜನ ಸೇರಿದ್ದರು. ಯಾರೂ ತಡೆಯಲಿಲ್ಲ. ಫೋನುಗಳು ಮೇಲೆದ್ದಿದ್ದವು.

"ಇದೂ ಪ್ರದರ್ಶನದ ಭಾಗಾನಾ?" ಎಂದು ಒಬ್ಬ ಕೇಳಿದ.

"ಇರಬೇಕು. ಚಾಕು ಒಳ್ಳೇ ಐಡಿಯಾ."

"ಅಯ್ಯೋ, ಆ ಮೇಜಿನ ಹಾಸು ಹರೀಬೇಡಮ್ಮಾ!" ಕೆಂಪು ಚೌಕಟ್ಟಿನ ಕನ್ನಡಕದ ಹೆಂಗಸೊಬ್ಬಳು ಎದೆಯ ಮೇಲೆ ಕೈ ಇಟ್ಟುಕೊಂಡಳು. "ನಮ್ಮಜ್ಜಿ ಮನೇಲೂ ಅದೇ ಇತ್ತು, ಅದೇ ಚೆರ್ರಿ ಹಣ್ಣು, ಅದೇ ಸಿಗರೇಟಿನ ತೂತು. ನೋಡಿದ್ರೆ ಅಳು ಬರುತ್ತೆ."

"ಹಾಗಾದ್ರೆ ನಿಮ್ಮಜ್ಜೀನ ತಂದು ಅಂಟಿಸ್ಕೊಳ್ಳಿ," ಎಂದಳು ಯಾನಿನಾ, ತಿರುಗದೆ.

ಜನ ನಕ್ಕರು. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಅಷ್ಟು ಹೊತ್ತಿಗೆ ಕಾವಲಿನವನು ಬಂದ, ಹೊಟ್ಟೆ ಮುಂದೆ, ತಾನು ಹಿಂದೆ.

"ಮೇಡಂ, ಚಾಕು ಕೊಡಿ."

"ಕುರ್ಚಿ ಕೊಡು, ಚಾಕು ಕೊಡ್ತೀನಿ."

ಅವನು ನಿಜವಾಗಿಯೂ ಸುತ್ತ ಕುರ್ಚಿಗಾಗಿ ಹುಡುಕಿದ. ಆಗ ಆ ಗುಂಪಿನ ನಡುವಿನಿಂದ ಬೋಳುತಲೆಯ, ದುಬಾರಿ ಕೋಟಿನ ಗಂಡಸೊಬ್ಬ ತೂರಿಕೊಂಡು ಬಂದು, ಹರಿದ ಗೋಡೆಯನ್ನು ನೋಡಿ, ಅವಳನ್ನು ನೋಡಿ, ಎರಡೂ ತೋಳು ಚಾಚಿದ. "ಯಾನಿ! ಯಾನಿ ಬೊರ್ದೋನ್! ಎಷ್ಟು ವರ್ಷ ಆಯ್ತು!"

ಲಾನೂಸ್ ಪೇಟೆಯಲ್ಲಿ ಸೈಬರ್ ಅಂಗಡಿ ಇಟ್ಟಿದ್ದ ಬೆರ್ತೋನಿಯ ಮಗ ಲಿಸಾಂದ್ರೊ. ಕೂದಲು ಹೋಗಿತ್ತು, ಹಲ್ಲು ನೆಟ್ಟಗಾಗಿತ್ತು. ಕೆನ್ನೆಗೆ ಮುತ್ತಿಡಲು ಬಂದವನ ಎದೆಗೆ ಯಾನಿನಾ ಚಾಕುವಿನ ಹಿಡಿ ಒತ್ತಿದಳು.

"ಹತ್ರ ಬರಬೇಡ."

"ಸರಿ, ಸರಿ. ಒಳಗೆ ಹೋಗಿ ಮಾತಾಡೋಣ."

"ಇಲ್ಲೇ ಮಾತಾಡು. ಇಷ್ಟು ದಿನ ಎಲ್ಲರ ಮುಂದೇನೇ ಇಟ್ಟಿದ್ದೀಯಲ್ಲ."

ಆದರೆ ಹೋದಳು. ಜನ ಫೋನು ಇಳಿಸದೆ ಅವಳ ಬೆನ್ನನ್ನೂ ಸೆರೆಹಿಡಿದರು.

ಒಳಗಿನ ಕೋಣೆಗೆ ಹೋಗುವ ದಾರಿಯುದ್ದಕ್ಕೂ ಎರಡೂ ಕಡೆ ಅಂಥವೇ ಫೋಟೊಗಳು. ಹಳೆಯ ಬಿಸ್ಕತ್ತು ಕಾರ್ಖಾನೆ ಅದು. ಈಗ ಅಲ್ಲಿ ಕಲೆ ಇರುತ್ತದೆ. ಮಸೂರಕ್ಕೆ ಅಡ್ಡ ಬಂದ ಹೆಬ್ಬೆರಳು. ಫ್ಲಾಶಿಗೆ ಕೆಂಪಾದ ಕಣ್ಣುಗಳು. ಸ್ನಾನದ ಮನೆಯ ಕನ್ನಡಿಯಲ್ಲಿ ಮುಖ ಇರಬೇಕಾದ ಕಡೆ ಬಿಳಿ ಬೆಂಕಿ. ಕೇಕು, ನಾಯಿಯ ಹಿಂಭಾಗ, ಯಾರದೋ ತೋಳು, ಅಲುಗಿ ಎರಡಾದ ಮದುವೆ, ಸೀರಿಯಲ್ಲು ನೋಡುವ ಮುದುಕ. ಮೂಲೆಯಲ್ಲಿ ಕಿತ್ತಳೆ ಬಣ್ಣದ ತಾರೀಖು. ಅದನ್ನು ಸರಿಮಾಡಲು ಯಾರಿಗೂ ಬರದೆ ಎಲ್ಲವೂ ಒಂದೇ ಜನವರಿ ಒಂದನೇ ತಾರೀಖಿನಂದು ನಡೆದಂತಿದ್ದವು. ಬಾಗಿಲಿನ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು: ಉಳಿದವು.

ಅವು ಉಳಿದವೇ ಸರಿ. ಆ ಕಾಲದಲ್ಲಿ ಬೀದಿಗೆಲ್ಲ ಒಂದೇ ಡಿಜಿಟಲ್ ಕ್ಯಾಮೆರಾ ಇತ್ತು, ಮೂಲೆಮನೆಯ ಹುಡುಗಿಗೆ ಅವಳ ಚಿಕ್ಕಪ್ಪ ಮಯಾಮಿಯಿಂದ ತಂದದ್ದು. ಸರದಿಯ ಮೇಲೆ ಒಬ್ಬೊಬ್ಬರ ಮನೆಗೆ ಬರುತ್ತಿತ್ತು. ಮುಂದಿನವಳಿಗೆ ಕೊಡುವ ಮೊದಲು ಅದನ್ನು ಖಾಲಿ ಮಾಡಬೇಕು, ಅದು ನಿಯಮ. ಖಾಲಿ ಮಾಡದೆ ಕೊಟ್ಟವಳಿಗೆ ಮುಂದಿನ ಸರದಿ ಇಲ್ಲ. ಮನೆಯಲ್ಲಿ ಕಂಪ್ಯೂಟರ್ ಇದ್ದವರು ಯಾರೂ ಇರಲಿಲ್ಲ, ಹಾಗಾಗಿ ಖಾಲಿ ಮಾಡುವುದು ಬೆರ್ತೋನಿಯ ಅಂಗಡಿಯಲ್ಲಿ. ಎಲ್ಲವನ್ನೂ ಅಲ್ಲಿಯ ಮಷೀನಿಗೆ ಸುರಿದು, ನಾಲ್ಕು ತಲೆಗಳು ಒಂದೇ ಪರದೆಗೆ ಬಾಗಿ, ಜಗಳವಾಡಿ, ಒಂದನ್ನು ಆರಿಸಬೇಕು. ಎಲ್ಲರೂ ಫೋಟೊ ಹಾಕುತ್ತಿದ್ದ ಆ ತಾಣ ದಿನಕ್ಕೆ ಒಂದನ್ನೇ ತೆಗೆದುಕೊಳ್ಳುತ್ತಿತ್ತು. ಹಾಕಿದ ಮೇಲೆ ಊರಿಗೆಲ್ಲ ಹೇಳಿಕೊಂಡು ಬರಬೇಕು: ಬಂದು ಫೋಟೊದ ಕೆಳಗೆ ಎರಡು ಮಾತು ಬರೆದು ಸಹಿ ಹಾಕು, ನಿನ್ನದಕ್ಕೂ ಹಾಕುತ್ತೇನೆ. ಸಹಿ ಹಾಕದವಳ ಜೊತೆ ಮರುದಿನ ಶಾಲೆಯಲ್ಲಿ ಮಾತಿಲ್ಲ.

ಆರಿಸಿದ್ದು ಹೋಯಿತು. ಉಳಿದವು ಮಷೀನಿನಲ್ಲೇ. ಗೋಡೆಯ ಮೇಲೆ ಬೆರ್ತೋನಿ ಬರೆದು ಅಂಟಿಸಿದ್ದ: ಮಷೀನ್ ಆಫ್ ಆದರೆ ಎಲ್ಲ ತಾನಾಗಿ ಅಳಿಸಿಹೋಗುತ್ತದೆ, ಆಮೇಲೆ ಅಳಬೇಡಿ. ಅದನ್ನು ಎಲ್ಲರೂ ನಂಬಿದ್ದರು. ಬೀದಿಯ ಕಸವನ್ನು ಪುರಸಭೆಯವರು ಒಯ್ಯುತ್ತಾರೆ ಎಂದು ನಂಬಿದ ಹಾಗೆ. ತನ್ನ ಕೈಯಾರೆ ಅಳಿಸಬೇಕೆಂದು ಆ ಬೀದಿಯ ಒಬ್ಬಳಿಗೂ ಹೊಳೆದಿರಲಿಲ್ಲ.

ಕೋಣೆಯಲ್ಲಿ ತಟ್ಟೆಯ ತುಂಬ ತಣ್ಣಗಾದ ಎಂಪನಾದಾ ಎಂಬ ಕಡುಬುಗಳಿದ್ದವು. ಲಿಸಾಂದ್ರೊ ಒಂದನ್ನು ಮುಂದೆ ಚಾಚಿದ. ಅವಳು ನೋಡಲಿಲ್ಲ.

"ನಿನ್ನ ಹುಡುಕಿಸಿದೆ, ಗೊತ್ತಾ?" ಎಂದ.

"ಅದೇ ಮನೆ. ಅದೇ ಬೆಲ್ಲು. ಎಲ್ಲಿ ಹುಡುಕಿದೆ, ಚಂದ್ರನ ಮೇಲಾ?"

"ಇಂಟರ್ನೆಟ್ಟಿನಲ್ಲಿ ಸಿಗಲಿಲ್ಲ ನೀನು."

"ಅದನ್ನ ಯಾವತ್ತೋ ಬಿಟ್ಟೆ. ನಿನ್ನಂಥವರು ನನ್ನ ಬಿಡಬೇಕಲ್ಲ."

ಅವನು ನಕ್ಕ. ಆ ನಗುವಿನಲ್ಲಿ ತಪ್ಪಿತಸ್ಥನ ಲಕ್ಷಣ ಸ್ವಲ್ಪವೂ ಇರಲಿಲ್ಲ, ಅದೇ ಅವಳಿಗೆ ಮೈ ಉರಿಸಿದ್ದು. "ನೋಡು ಯಾನಿ, ಅದು ನಮ್ಮ ಇಡೀ ಪ್ರದರ್ಶನದ ಪ್ರಾಣ. ಜನ ಅದರ ಮುಂದೆ ನಿಂತು ಅಳ್ತಾರೆ. ಅಷ್ಟು ದಣಿದ ಮುಖಾನ ಇವತ್ತು ಯಾರು ತೆಗೀತಾರೆ? ಎಲ್ಲರೂ ಬಾಯಿ ಚೂಪು ಮಾಡ್ಕೊಂಡು ನಿಲ್ತಾರೆ. ನಿಮ್ಮಮ್ಮ..."

"ನಮ್ಮಮ್ಮನ್ನ ಬಾಯಿಗೆ ತರಬೇಡ."

"ನಿಮ್ಮಮ್ಮನಿಗೆ ಬೇಜಾರಾಯ್ತಾ?"

ಯಾನಿನಾ ತನ್ನ ಫೋನು ತೆಗೆದು ಅವನ ಮೂಗಿನ ಕೆಳಗೆ ಹಿಡಿದಳು. ಅದರಲ್ಲಿ ಅವಳ ಅಮ್ಮ ನೆಲಿದಾಳ ತಲೆ ಮಾತ್ರ ಇತ್ತು. ಗೋಡೆಯ ಚಿತ್ರದಿಂದ ಯಾರೋ ಕತ್ತರಿಸಿ, ತೆರೆದ ಬಾಯಿಯ ಕೆಳಗೆ 'ಸೋಮವಾರ' ಎಂದು ಬರೆದು, ಸ್ಟಿಕ್ಕರ್ ಮಾಡಿ ಬಿಟ್ಟಿದ್ದರು. ಅದು ಊರೂರು ಸುತ್ತಿತ್ತು. ಮಾಂಸದ ಅಂಗಡಿಯವನು, ಅದು ಯಾರೆಂದು ಗೊತ್ತಿಲ್ಲದೆ, ಯಾನಿನಾಳಿಗೇ ಕಳಿಸಿದ್ದ: ಇವತ್ತು ಅಂಗಡಿ ತಡವಾಗಿ ತೆಗೀತೀನಿ. ಆಮೇಲೆ ಅದು ನಿವೃತ್ತರ ಸಂಘದ ಹೆಂಗಸರ ಗುಂಪಿಗೂ ಬಂತು. ಆ ಸಂಘದಲ್ಲಿ ನೆಲಿದಾ ಪ್ರತಿ ಗುರುವಾರ ಕರವಸ್ತ್ರ ಬೀಸಿ ಜನಪದ ಕುಣಿತ ಕುಣಿಯುತ್ತಿದ್ದಳು, ಮುಂದಿನ ಸಾಲಿನಲ್ಲಿ. ಹತ್ತಾರು ಹೆಂಗಸರು ಹಲ್ಲು ಕಿಸಿದ ಮುಖಗಳನ್ನು ಕಳಿಸಿದ ಮೇಲೆ ಒಬ್ಬಳು ಕೇಳಿದ್ದಳು: ನೆಲಿ, ಇದು ನೀನಲ್ವಾ?

"ಆವತ್ತಿಂದ ಕುಣಿಯೋಕೆ ಹೋಗಿಲ್ಲ," ಎಂದಳು ಯಾನಿನಾ.

"ಸ್ಟಿಕ್ಕರ್ ನಾನು ಮಾಡಿದ್ದಲ್ಲ."

"ಫಲಕ ಮಾಡಿದ್ದು ಯಾರು? 'ಫೋಟೊ: ಯಾನಿನಾ ಬಿ. ಅವರ ಸೌಜನ್ಯದಿಂದ.' ಅದನ್ನೂ ನಮ್ಮಮ್ಮಂಗೆ ಯಾರೋ ತೋರಿಸಿದ್ರು. ಓದಿದ್ಲು. ಓದಿ ಏನಂದ್ಲು ಗೊತ್ತಾ? 'ಎಷ್ಟು ಸೌಜನ್ಯ ನಿಂಗೆ' ಅಂದ್ಲು. ಅಷ್ಟೇ. ಅದೇ ಕೊನೇ ಮಾತು. ಒಂದೇ ಮನೇಲಿದೀವಿ ಲಿಸಾಂದ್ರೊ. ಅವಳು ಈಗ ನಾಯಿ ಹತ್ರ ಮಾತಾಡ್ತಾಳೆ. 'ಕೊರ್ಬಾತಾ, ಅವಳಿಗೆ ಹೇಳು ಗ್ಯಾಸ್ ಮುಗೀತು ಅಂತ.' ನಾನು ಕೊಡ್ಲಿಲ್ಲ ಅಂತ ಹೇಳ್ದೆ, ಅತ್ಕೊಂಡು ಆಣೆ ಇಟ್ಟೆ. ನಾಯಿಗೆ ಹೇಳ್ತಾಳೆ: 'ಅಚ್ಚು ಹಾಕ್ಸಿ ಗೋಡೆ ಮೇಲೆ ಬರೆದಿದಾರೆ, ಸುಮ್ ಸುಮ್ನೆ ಬರೀತಾರಾ?'"

ಲಿಸಾಂದ್ರೊ ಕೈಯಲ್ಲಿದ್ದ ಕಡುಬನ್ನು ತಟ್ಟೆಯಲ್ಲಿಟ್ಟ. "ಹೆಸರು ಹಾಕಿದ್ದು ಗೌರವಕ್ಕೆ ಕಣೇ. ತೆಗೆದವಳು ನೀನು. ಹೆಸರಿಲ್ಲದೆ ಹಾಕಿದ್ರೆ ಕಳ್ಳತನ ಆಗ್ತಿತ್ತು."

"ಈಗ ಏನಾಗಿದೆ?"

"ಈಗ..."

"ಬಾ. ಮನೆಗೆ ಬಾ. ಬಂದು ಅವಳಿಗೆ ಹೇಳು."

"ಏನಂತ?"

"ನಾನು ಕೊಡ್ಲಿಲ್ಲ, ನೀನು ಕದ್ದೆ ಅಂತ."

"ಕದ್ದೆ ಅನ್ನೋದು ದೊಡ್ಡ ಮಾತು."

"ಗೋಡೆ ಮೇಲಿರೋ ನಮ್ಮಮ್ಮನಷ್ಟು ದೊಡ್ಡದಲ್ಲ."

ಅವನು ಮೇಜಿನ ಮೇಲಿದ್ದ ಲ್ಯಾಪ್‌ಟಾಪ್ ತೆರೆದ. ರಾತ್ರಿ ಅಂಗಡಿ ಮುಚ್ಚುವ ಮುಂಚೆ ಮಷೀನುಗಳನ್ನು ಖಾಲಿ ಮಾಡುವ ಕೆಲಸ ಅಪ್ಪ ತನಗೆ ಹಚ್ಚಿದ್ದ ಎಂದು ಹೇಳಿದ. ತಾನಾಗಿ ಏನೂ ಅಳಿಸಿಹೋಗುತ್ತಿರಲಿಲ್ಲ. ಗೋಡೆಯ ಮೇಲಿನ ಬರಹ ಜನ ದೂರು ತರಬಾರದೆಂದು. ಅಳಿಸುವುದು ತಾನೇ. ಅಳಿಸುವ ಮೊದಲು ಒಂದು ಪ್ರತಿ ಇಟ್ಟುಕೊಳ್ಳುತ್ತಿದ್ದ. ಯಾಕೆ ಎಂದು ಆಗ ಗೊತ್ತಿರಲಿಲ್ಲವಂತೆ. "ಕಸದ ಬುಟ್ಟಿ ಚೆಲ್ಲೋ ಮುಂಚೆ ಒಂದ್ಸಲ ಒಳಗೆ ನೋಡ್ತೀವಲ್ಲ, ಹಾಗೆ."

"ನಾವು ನೋಡಲ್ಲ."

ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ. ಫೋಲ್ಡರುಗಳ ಸಾಲು. ಒಂದರ ಮೇಲೆ ಬೆರಳಿಟ್ಟ. "ಓದು. ನೀನೇ ಟೈಪ್ ಮಾಡಿದ್ದು."

ಯಾನಿಯದು, ಅಳಿಸಬೇಡಿ.

"ನೀನೇ ಹೇಳಿದ್ದು," ಎಂದ. "ಅಳಿಸಬೇಡಿ ಅಂದೆ, ಅಳಿಸಲಿಲ್ಲ. ಇಪ್ಪತ್ತು ವರ್ಷ ನಿನ್ನ ಮಾತು ನಡೆಸಿದೀನಿ. ಆ ತಾಣ ಮುಚ್ಚಿಹೋಯ್ತು, ನೀವು ಆರಿಸಿ ಆರಿಸಿ ಹಾಕಿದ್ದೆಲ್ಲ ಹೋಯ್ತು, ಒಂದೂ ಇಲ್ಲ. ಇರೋದು ಇದೊಂದೇ. ಇದಕ್ಕೆ ನೀನು ನನಗೆ ಥ್ಯಾಂಕ್ಸ್ ಹೇಳ್ಬೇಕು."

"ಅದು ಅರ್ಧ ಗಂಟೆ ಮಟ್ಟಿಗೆ ಅಂತ ಬರೆದಿದ್ದು ಕಣೋ, ಕತ್ತೆ!" ಯಾನಿನಾಳ ಧ್ವನಿ ಏರಿತು. "ಮಧ್ಯೆ ಬಚ್ಚಲಿಗೆ ಹೋಗಿ ಬರೋದ್ರೊಳಗೆ ಪಕ್ಕದ ಸೀಟಿನವನು ತನ್ನ ಹಾಡು ತುಂಬ್ಸೋಕೆ ನಂದು ಅಳಿಸ್ಬಾರ್ದು ಅಂತ! ಎಲ್ಲರೂ ಬರೀತಿದ್ರು. ಬೀದಿಯ ಹುಡುಗೀರೆಲ್ಲ ಹಾಗೇ ಬರೀತಿದ್ವಿ!"

"ಎಲ್ಲೀತನಕ ಅಂತ ಬರೆದಿಲ್ಲವಲ್ಲ."

ಅವಳಿಗೆ ಅವನ ಕಪಾಳಕ್ಕೆ ಬಾರಿಸಬೇಕೆನ್ನಿಸಿತು. ಬಾರಿಸದೆ ಉಳಿದದ್ದು ಅವನು ಫೋಲ್ಡರ್ ತೆರೆದಿದ್ದರಿಂದ. ಚಿಕ್ಕ ಚಿಕ್ಕ ಚೌಕಗಳು ಒಂದೊಂದಾಗಿ ಮೇಲೆದ್ದವು. ಹೊರಗೆ ಒಣಹಾಕಿದ ಸಮವಸ್ತ್ರ. ಕಿಟಕಿಯ ಮುರಿದ ಗಾಜಿಗೆ ಅಂಟಿಸಿದ ಟೇಪು. ಗೋಣಿಚೀಲದ ಮೇಲೆ ಮಲಗಿದ, ಈಗಿನ ನಾಯಿಗಿಂತ ಮೂರು ನಾಯಿ ಹಿಂದಿನ ನಾಯಿ. ಹುಬ್ಬನ್ನು ದಾರದಷ್ಟು ಸಣ್ಣಗೆ ಕಿತ್ತುಕೊಂಡ, ಒಂದು ಕಣ್ಣಿಗೆ ಕೂದಲು ಬಿಟ್ಟುಕೊಂಡ ಒಬ್ಬ ಹುಡುಗಿ, ಕ್ಯಾಮೆರಾ ಹಿಡಿದ ತನ್ನ ಕೈಯನ್ನು ತಾನೇ ದಿಟ್ಟಿಸುತ್ತ. ಅವಳ ಕತ್ತು ಎಷ್ಟು ಉದ್ದವಿತ್ತು. ಯಾನಿನಾ ತನಗೇ ತಿಳಿಯದೆ ಮುಂದಕ್ಕೆ ಬಾಗಿದಳು. ತಿಳಿದೊಡನೆ ಲ್ಯಾಪ್‌ಟಾಪನ್ನು ರಪ್ಪೆಂದು ಮುಚ್ಚಿದಳು. ಲಿಸಾಂದ್ರೊ ಬೆರಳು ಎಳೆದುಕೊಳ್ಳುವುದು ಒಂದು ಕ್ಷಣ ತಡವಾಯಿತು.

"ಬರ್ತೀಯಾ, ಇಲ್ವಾ?" ಎಂದಳು. "ಬರದಿದ್ರೆ ನಾಳೆ ಏಣಿ ತರ್ತೀನಿ."

ಅವನು ಬೆರಳನ್ನು ಬಾಯಲ್ಲಿಟ್ಟುಕೊಂಡು ಸ್ವಲ್ಪ ಯೋಚಿಸಿದ. ಆಮೇಲೆ ಕೇಳಿದ ಪ್ರಶ್ನೆ ಬೇರೆಯೇ. "ಆ ಅಡುಗೆಮನೆ ಇನ್ನೂ ಹಾಗೇ ಇದೆಯಾ?"

"ಫೋನ್ ಹೊರಗೆ ತೆಗೆದ್ರೆ ಕುದಿಯೋ ನೀರಿಗೆ ಹಾಕ್ತೀನಿ."

"ಸುಮ್ನೆ ಕೇಳ್ದೆ."

ಬಸ್ಸಿನಲ್ಲಿ ಅವನು ಕಿಟಕಿಯ ಪಕ್ಕ ಕೂತ. ಸೇತುವೆ ದಾಟುವಾಗ ಕೆಳಗೆ ರಿಯಾಚುವೆಲೊ ಹೊಳೆ ಎಂದಿನಂತೆ ಕಪ್ಪಗೆ ನಾರುತ್ತಿತ್ತು. ಅವನು ಮೂಗು ಮುಚ್ಚಿಕೊಳ್ಳುವ ಬದಲು ಉಸಿರೆಳೆದುಕೊಂಡ, ಬೇಕರಿಯ ಮುಂದೆ ನಿಂತವನಂತೆ. ಈ ದಂಡೆಗೆ ಬಂದು ಎಷ್ಟೋ ವರ್ಷವಾಯಿತು ಎಂದ. ಅಂಗಡಿ ಏನಾಯಿತು ಎಂದು ಕೇಳಿದ.

"ನಾಯಿ ತಿಂಡಿ ಮಾರ್ತಾರೆ."

"ಛೆ."

"ಯಾಕೆ ಛೆ? ನಾಯಿಗಳು ತಿನ್ನಬಾರದಾ?"

ಅವನು ಕಿಟಕಿಯ ಗಾಜನ್ನು ತೋಳಿನಿಂದ ಒರೆಸಿದ. ಆಮೇಲೆ ತನಗೆ ತಾನೇ ಎಂಬಂತೆ ಶುರುಮಾಡಿದ: "ಎಷ್ಟು ಚೆನ್ನಾಗಿತ್ತು ಕಣೇ ಆ ಕಾಲ. ಹತ್ತು ಮಷೀನು, ಒಂದು ಫ್ಯಾನು. ನೀವೆಲ್ಲ ಕಿಸಿಕಿಸಿ ನಗ್ತಾ ಕೂತಿರ್ತಿದ್ರಿ. ಕೆಟ್ಟ ಫೋಟೊ ತೆಗೆಯೋಕೆ ಯಾರಿಗೂ ಹೆದರಿಕೆ ಇರಲಿಲ್ಲ. ತಮ್ಮನ್ನ ಯಾರೋ ನೋಡ್ತಾರೆ ಅನ್ನೋ ಯೋಚನೇನೇ ಯಾರಿಗೂ ಇರಲಿಲ್ಲ."

"ನೀನು ನೋಡ್ತಿದ್ದೆಯಲ್ಲ."

ಮುಂದಿನ ಸೀಟಿನ ಅಜ್ಜಿ ತಿರುಗಿ ಅವನನ್ನು ಮೇಲಿಂದ ಕೆಳಗೆ ನೋಡಿ, ತನ್ನ ಚೀಲವನ್ನು ತೊಡೆಯ ಮೇಲಕ್ಕೆ ಎಳೆದುಕೊಂಡಳು.

"ನೀವೇ ಹಾಕ್ತಿದ್ರಿ," ಎಂದ ಲಿಸಾಂದ್ರೊ ತಗ್ಗಿದ ಧ್ವನಿಯಲ್ಲಿ. "ಬಂದು ಸಹಿ ಹಾಕಿ, ಸಹಿ ಹಾಕಿ ಅಂತ ಊರೆಲ್ಲ ಗೋಗರೀತಿದ್ರಿ."

"ಹಾಕಬೇಕು ಅನ್ಸಿದ್ದನ್ನ ಹಾಕಿದ್ವಿ. ಬೇಡ ಅನ್ಸಿದ್ದು ನಿನ್ನ ಹತ್ರ ಇದೆ. ಬೇಡ ಅಂತ ಬಿಟ್ಟಿದ್ದೇ ಎರಡಾಳೆತ್ತರ ಆಗಿ ನಿಂತಿದೆ." ಅವಳು ನಿಲುಗಡೆಯ ಗಂಟೆ ಒತ್ತಿದಳು. "ಇಳಿ."

ಬಾಗಿಲು ತೆರೆದ ನೆಲಿದಾ ಮಗಳನ್ನು ನೋಡಿ ಮುಖ ತಿರುಗಿಸಿದಳು. ಹಿಂದೆ ನಿಂತವನನ್ನು ನೋಡಿ ಕಣ್ಣು ಕಿರಿದು ಮಾಡಿದಳು. ಕುಳ್ಳಗೆ, ಗಟ್ಟಿಮುಟ್ಟಾದ ಹೆಂಗಸು. ಚರ್ಮದ ಕಾರ್ಖಾನೆಯಲ್ಲಿ ಬೂಟಿನ ಅಟ್ಟೆ ಅಂಟಿಸುತ್ತ ನಿಂತೇ ಆಯುಷ್ಯ ಕಳೆದವಳು. ಕೂದಲಿಗೆ ಕಳೆದ ವಾರವಷ್ಟೇ ಹಚ್ಚಿದ ತಾಮ್ರದ ಬಣ್ಣ.

"ಬೆರ್ತೋನಿ ಮಗ ಅಲ್ವೇನೋ ನೀನು? ಕೂದ್ಲೆಲ್ಲ ಯಾರಿಗೆ ದಾನ ಮಾಡ್ದೆಯೋ?"

"ದೋನ್ಯಾ ನೆಲಿದಾ! ಹೇಗಿದೀರಾ?"

"ಹೇಗಿದೀನಿ ಅಂತ ಊರಿಗೆಲ್ಲ ತೋರ್ಸಿದೀಯಂತಲ್ಲ, ನಿಂಗೇ ಗೊತ್ತಿರ್ಬೇಕು. ಬಾ ಒಳಗೆ. ಚಳಿ ನುಗ್ತಿದೆ."

ಅಡುಗೆಮನೆಯಲ್ಲಿ ಅವನು ನಿಂತಲ್ಲೇ ಒಂದು ಸುತ್ತು ತಿರುಗಿದ. ನೆಲದ ಹೆಂಚುಗಳು ಅವೇ. ಉಳಿದದ್ದೆಲ್ಲ ಬದಲಾಗಿತ್ತು. ಚೆರ್ರಿ ಹಣ್ಣಿನ ಹಾಸು ಎಂದೋ ಹೋಗಿ ಮೇಜಿಗೆ ಗಾಜು ಬಂದಿತ್ತು, ಫ್ರಿಜ್ಜು ಬೆಳ್ಳಿ ಬಣ್ಣದ್ದು. ಅವನ ಮುಖ ಸಣ್ಣಗಾದದ್ದನ್ನು ಯಾನಿನಾ ಕಂಡಳು. ಯಾರೋ ಅವನ ಮನೆಯನ್ನು ಕೆಡವಿದ ಹಾಗೆ. ಅವಳಿಗೆ ಆ ದಿನದ ಮೊದಲ ಸಂತೋಷ ಅದರಿಂದ ಆಯಿತು.

ನೆಲಿದಾ ನೀರು ಕಾಯಿಸಿ, ಸೋರೆಬುರುಡೆಗೆ ಯೆರ್ಬಾ ಎಂಬ ಕಹಿ ಚಹಾದ ಸೊಪ್ಪು ತುಂಬಿ, ಲೋಹದ ಕೊಳವೆ ಸಿಕ್ಕಿಸಿದಳು. ಮೊದಲ ಕಹಿಯನ್ನು ವಾಡಿಕೆಯಂತೆ ತಾನೇ ಕುಡಿದಳು. ಎರಡನೆಯದನ್ನು ತುಂಬಿ ಅವನಿಗೆ ಕೊಟ್ಟಳು. ಯಾನಿನಾ ಸಿಂಕಿಗೆ ಒರಗಿ ನಿಂತಿದ್ದಳು. ಅವಳ ಕಡೆ ಯಾರೂ ನೋಡಲಿಲ್ಲ.

"ಅಪ್ಪ ಹೇಗಿದಾನೆ?"

"ಮಾರ್ ದೆಲ್ ಪ್ಲಾತಾದಲ್ಲಿ ಮೀನು ಹಿಡೀತಾ ಕೂತಿದಾರೆ."

"ಸಿಗುತ್ತಾ?"

"ನೆಗಡಿ ಸಿಗುತ್ತೆ."

ನೆಲಿದಾ ನಕ್ಕಳು. ಈ ಮನೆಯಲ್ಲಿ ಆ ನಗು ಕೇಳಿ ಬಹಳ ದಿನವಾಗಿತ್ತು. ಯಾನಿನಾಳಿಗೆ ತಡೆಯಲಾಗಲಿಲ್ಲ.

"ಹೇಳೋ. ಮೀನು ಆಮೇಲೆ ಹಿಡಿ."

ಲಿಸಾಂದ್ರೊ ಕೊಳವೆಯಿಂದ ಬಾಯಿ ತೆಗೆದು ಗಂಟಲು ಸರಿಮಾಡಿಕೊಂಡ. "ದೋನ್ಯಾ ನೆಲಿದಾ, ವಿಷಯ ಏನಂದ್ರೆ, ಆ ಕಾಲದ ಚಿತ್ರಗಳು ಒಂದು ಸಮುದಾಯದ ನೆನಪು. ಅದನ್ನ ಉಳಿಸೋ ಕೆಲಸದಲ್ಲಿ ಕೆಲವೊಮ್ಮೆ ಒಪ್ಪಿಗೆ ಅನ್ನೋದು ಸ್ವಲ್ಪ..."

"ಮಗಾ, ನಂಗೆ ಕಿವಿ ಚೆನ್ನಾಗಿ ಕೇಳುತ್ತೆ, ಆದ್ರೆ ನೀನು ಹೇಳ್ತಿರೋದು ಕೇಳಿಸ್ತಿಲ್ಲ. ನೆಟ್ಟಗೆ ಹೇಳು."

ಅವನು ಯಾನಿನಾಳನ್ನು ನೋಡಿದ. ಅವಳು ಸಿಂಕಿನ ಅಂಚನ್ನು ಹಿಡಿದ ಕೈ ಸಡಿಲಿಸಲಿಲ್ಲ.

"ಅವಳು ಕೊಡ್ಲಿಲ್ಲ," ಎಂದ. "ಅಪ್ಪನ ಅಂಗಡಿ ಮಷೀನಿನಿಂದ ನಾನು ಎತ್ತಿಟ್ಕೊಂಡಿದ್ದೆ. ಅವಳಿಗೆ ಗೊತ್ತೇ ಇರ್ಲಿಲ್ಲ. ಗೋಡೆ ಮೇಲೆ ಹೆಸರು ಹಾಕಿದ್ದೂ ನಾನೇ. ಕೇಳ್ಲಿಲ್ಲ."

ನೆಲಿದಾ ಅವನ ಕೈಯಿಂದ ಬುರುಡೆ ತೆಗೆದುಕೊಂಡಳು, ನೀರು ಹುಯ್ದಳು, ತಳದಲ್ಲಿ ಗುಳುಗುಳು ಸದ್ದು ಬರುವವರೆಗೆ ಹೀರಿದಳು. ಯಾನಿನಾ ಕಾದಳು. ಈಗ ತಿರುಗುತ್ತಾಳೆ, ಎಂದುಕೊಂಡಳು. ಈಗ ನನ್ನ ಕಡೆ ತಿರುಗುತ್ತಾಳೆ.

"ಹಾಗೋ," ಎಂದಳು ನೆಲಿದಾ, ಅವನಿಗೇ. "ಅವಳೂ ಅದನ್ನೇ ಬಡ್ಕೋತಿದ್ಲು. ನಾನು ನಂಬ್ಲಿಲ್ಲ. ನೀನೇ ಬಂದು ಹೇಳಿದ್ದು ಒಳ್ಳೇದಾಯ್ತು. ಇಷ್ಟು ದೂರ ಬಂದು ತಪ್ಪು ಒಪ್ಕೊಳ್ಳೋಕೆ ದೊಡ್ಡ ಮನಸ್ಸು ಬೇಕು."

"ದೊಡ್ಡ ಮನಸ್ಸಾ!" ಯಾನಿನಾ ಕಿರುಚಿದಳು. "ಚಾಕು ಹಿಡಿದು ಎಳ್ಕೊಂಡ್ ಬಂದಿದೀನಿ ಅವನ್ನ! ಕಳ್ಳ ಅಮ್ಮಾ ಅವನು, ಕಳ್ಳ!"

"ಮನೆಗೆ ಬಂದೋರ ಮುಂದೆ ಕೂಗ್ಬೇಡ," ಎಂದಳು ನೆಲಿದಾ.

ನಾಯಿಯ ಮೂಲಕವಲ್ಲ, ನೇರವಾಗಿ. ಅಷ್ಟು ದಿನ ಕಾದದ್ದಕ್ಕೆ ಬಂದ ಮೊದಲ ಮಾತು.

ಲಿಸಾಂದ್ರೊನ ಮೈ ಹಗುರಾಗಿತ್ತು. ಕಾಲು ನೀಡಿ ಕೂತ. "ನಾಳೇನೇ ಆ ಫೋಟೊನ ಗೋಡೆಯಿಂದ ತೆಗೆಸಿಬಿಡ್ತೀನಿ ದೋನ್ಯಾ ನೆಲಿದಾ. ಅರ್ಧ ಆಗ್ಲೇ ಹೋಗಿದೆ ಅನ್ನಿ. ಇವಳು ಫ್ರಿಜ್ಜನ್ನ ಕಿತ್ತಾಕಿದಾಳೆ."

"ತೆಗೆದು ಗೋಡೆ ಬೋಳು ಬಿಡ್ತೀಯಾ? ನಿನ್ನ ತಲೆ ಥರ?"

"ಮತ್ತೆ?"

"ಜನ ಅಷ್ಟು ದೂರದಿಂದ ಬರ್ತಾರಂತೆ, ಅಳ್ತಾರಂತೆ. ಅಳೋ ಜನಾನ ಬರಿಗೈಲಿ ಕಳಿಸ್ಬಾರ್ದು." ನೆಲಿದಾ ಎದ್ದಳು. "ನಂಗೆ ಸಿಟ್ಟು ಬಂದಿದ್ದು ಗೋಡೆ ಮೇಲೆ ಹಾಕಿದ್ದಕ್ಕಾ? ಇಷ್ಟು ವರ್ಷದಲ್ಲಿ ಸಿಕ್ಕಿದ್ದು ಅದೊಂದೇನಾ ನನ್ನ ಮೂತಿ? ಬಾಯಿ ಬಿಟ್ಕೊಂಡು, ಹಲ್ಲು ಸೆಟ್ಟು ಲೋಟದಲ್ಲಿಟ್ಟು! ನೆಟ್ಟಗಿರೋದೊಂದು ಹಾಕಿದ್ರೆ ನಾನೇ ಬಂದು ಪಕ್ಕದಲ್ಲಿ ನಿಂತ್ಕೋತಿದ್ದೆ. ಇರು ಬಂದೆ."

ಅವಳು ಕೋಣೆಗೆ ಹೋದಳು. ಬೀರು ತೆರೆದ ಸದ್ದು, ಡಬ್ಬಿಯೊಂದರ ಮುಚ್ಚಳ ನೆಲಕ್ಕೆ ಬಿದ್ದ ಸದ್ದು. ಅಡುಗೆಮನೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

"ನಾನೇನೂ ಕೇಳ್ಲಿಲ್ಲ," ಎಂದ ಲಿಸಾಂದ್ರೊ ಪಿಸುಮಾತಿನಲ್ಲಿ. "ನೀನೇ ನೋಡ್ದೆ. ನಾನು ಬಾಯೇ ಬಿಡ್ಲಿಲ್ಲ."

"ಮುಚ್ಚು."

ನೆಲಿದಾ ಕುಣಿತದ ದಿನ ಹಾಕುವ ಕಡುಗೆಂಪು ಶಾಲು ಹೊದ್ದು, ತುಟಿಗೆ ಬಣ್ಣ ಹಚ್ಚಿ, ಕಿವಿಗೆ ದೊಡ್ಡ ಬಳೆಯಂಥ ಓಲೆ ಹಾಕಿಕೊಂಡು ಬಂದಳು. ಮೇಜಿನ ಹಿಂದೆ, ಕಿಟಕಿಯ ಬೆಳಕು ಬೀಳುವ ಕಡೆ ಕುರ್ಚಿ ಎಳೆದು ಕೂತು, ಗದ್ದ ಎತ್ತಿದಳು. ಬೆನ್ನು ನೆಟ್ಟಗಿತ್ತು. ಚೆನ್ನಾಗಿಯೇ ಕಾಣುತ್ತಿದ್ದಳು, ಅದರ ಬಗ್ಗೆ ಯಾನಿನಾಳಿಗೆ ತನಗೆ ತಾನೇ ಸುಳ್ಳು ಹೇಳಿಕೊಳ್ಳಲಾಗಲಿಲ್ಲ.

ಲಿಸಾಂದ್ರೊನ ಕೈಯಲ್ಲಿ ಫೋನು ಯಾವಾಗ ಬಂತೋ. ಕುದಿಯುವ ನೀರು ಒಲೆಯ ಮೇಲೆಯೇ ಇತ್ತು, ಯಾನಿನಾ ಕದಲಲಿಲ್ಲ.

"ಸ್ವಲ್ಪ ಸಹಜವಾಗಿ ಕೂತ್ಕೊಂಡ್ರೆ..." ಎಂದ ಅವನು.

"ಸಹಜ ಒಂದ್ಸಲ ನೋಡಾಯ್ತಲ್ಲ. ಇದನ್ನ ತೆಗಿ." ಗದ್ದ ಇಳಿಸದೆ ನೆಲಿದಾ ಕಣ್ಣು ಮಾತ್ರ ಸಿಂಕಿನ ಕಡೆ ಹೊರಳಿಸಿದಳು. "ಯಾನಿ, ಅಲ್ಲೇನು ಕಂಬದ ಹಾಗೆ ನಿಂತಿದೀಯ? ಎಲ್ಲಾ ಮುಗೀತಲ್ಲ. ಹುಡುಗ ಬಾಯಿಬಿಟ್ಟು ಹೇಳ್ದ, ನಾನು ನಂಬ್ದೆ."

ನಂಬಿದಳು. ಮೊದಲು ಗೋಡೆಯ ಮೇಲಿನ ಅಚ್ಚನ್ನು, ಈಗ ಅದನ್ನು ಹಾಕಿಸಿದವನನ್ನು. ಎರಡರ ನಡುವೆ ಅಳುತ್ತ ಆಣೆ ಇಟ್ಟವಳು ಒಬ್ಬಳಿದ್ದಳು, ಇದೇ ಸಿಂಕಿನ ಮುಂದೆ.

ನೆಲಿದಾ ಬುರುಡೆಗೆ ಹೊಸದಾಗಿ ನೀರು ತುಂಬಿದಳು, ನೊರೆ ಬರುವಂತೆ, ಅಂಚಿನಿಂದ ಜೋಪಾನವಾಗಿ. ಕೊಳವೆಯ ಬಾಯನ್ನು ಮಗಳ ಕಡೆ ತಿರುಗಿಸಿ, ಕೈ ಉದ್ದ ಮಾಡಿ ಹಿಡಿದಳು. ಇನ್ನೊಂದು ಕೈಯಿಂದ ಪಕ್ಕದ ಕುರ್ಚಿಯನ್ನು ತಟ್ಟಿದಳು.

"ತಗೋ. ಬಿಸಿ ಇದೆ. ಕುಡಿದು ಬಾ, ಇಲ್ಲಿ ಕೂತ್ಕೋ. ಇಬ್ಬರೂ ಸೇರಿ ಒಂದು ತೆಗಿಸ್ಕೊಳ್ಳೋಣ. ಕೂದ್ಲು ಸ್ವಲ್ಪ ಹಿಂದಕ್ಕೆ ತಗೋ, ಮುಖ ಕಾಣ್ಲಿ."

ಲಿಸಾಂದ್ರೊ ಒಂದು ಹೆಜ್ಜೆ ಹಿಂದೆ ಸರಿದು ಇಬ್ಬರಿಗೂ ಜಾಗ ಮಾಡಿದ.

"ಬೇಡ," ಎಂದಳು ಯಾನಿನಾ.